‘ಸೂರ್ಯ’ನನ್ನು ಓದಿಸುವ ಬಗೆ

2021ರಲ್ಲಿ ಕೇಂದ್ರ ಸರ್ಕಾರವು ‘ನಿಪುಣ ಭಾರತ’ ಯೋಜನೆಯನ್ನು ಆರಂಭಿಸಿ, ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕೆಂದು ಸಾರಿತು. ಅದಕ್ಕೆ 2026-27ನೆಯ ಸಾಲನ್ನು ಗಡುವಾಗಿ ಇರಿಸಿತು. ಗುರಿ ಸ್ತುತ್ಯವೇ. ಆದರೆ ಓದಿಸುವವರ ಸಿದ್ಧತೆ ಎಂತಹುದು?

ಉಪಾಧ್ಯಾಯರಾಗಲಿರುವ ನನ್ನ ವಿದ್ಯಾರ್ಥಿಗಳು ಸಂಧಿ, ಸಮಾಸ, ಅಲಂಕಾರಗಳ ಲಕ್ಷಣಗಳನ್ನು ತಡವರಿಸದೆ ಒಪ್ಪಿಸುತ್ತಾರೆ. ಮೊನ್ನೆ ಅವರನ್ನು ಕೇಳಿದೆ: “‘ಸೂರ್ಯ’ ಎಂಬುದನ್ನು ಮಗು ‘ಸೂಯ್ರ’ ಎಂದು ಓದಿದರೆ ಏನು ಮಾಡುವಿರಿ?”

“ತಿದ್ದಿ, ಹತ್ತು ಸಲ ಬರೆಯಿಸುತ್ತೇವೆ ಸಾರ್.”

ಹಾಗೇಕೆ ಓದಿತೆಂದು ಯಾರೂ ಯೋಚಿಸಲಿಲ್ಲ. ನಾಲಗೆಯಲ್ಲಿ ರಕಾರ ಮೊದಲು, ಯಕಾರ ಅನಂತರ; ಬರಹದಲ್ಲಾದರೋ ಯಕಾರ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಮಗು ಕಂಡ ಕ್ರಮದಲ್ಲಿಯೇ ಓದಿತು. ಇದರಲ್ಲಿ ಅದರ ದಡ್ಡತನವೇನೂ ಇಲ್ಲ.

ವಿದ್ಯಾರ್ಥಿಗಳನ್ನು ಹಳಿದು ಫಲವಿಲ್ಲ. ಅವರಿಗೆ ಹಾಗೆ ಕಲಿಸಿದವರಲ್ಲಿ ನಾನೂ ಒಬ್ಬ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವರ್ಣವಿಚಾರವನ್ನು ಹೇಳಿದ ಬಳಿಕವೇ ಸಂಧಿಕಾರ್ಯಕ್ಕೆ ಬರುತ್ತಾನೆ. ನಾವು ವರ್ಣವನ್ನು ಬಿಟ್ಟು ಸಂಧಿಯನ್ನು ಉರು ಹೊಡೆಯಿಸಿದೆವು.

ಮಗುವಿನ ಓದನ್ನು ಕಿವಿಗೊಟ್ಟು ಕೇಳಿ ತಪ್ಪಿನ ಕಾರಣವನ್ನು ಕಾಣುವುದೇ ಉಪಾಧ್ಯಾಯರ ಮೊದಲ ಪಾಠವಾಗಲಿ. ಇಲ್ಲವಾದರೆ, ಹತ್ತು ಸಲ ಬರೆದ ಮಗುವಿಗೆ ಅಕ್ಷರ ಬಂದೀತು, ಓದು ಬಾರದು.