ನೋವಿಲ್ಲದೆ ನೀರು ಹೋದರೆ...

ಬೆಳಗಿನ ಜಾವ ಗರ್ಭಿಣಿಯ ಹಾಸಿಗೆ ಒದ್ದೆಯಾಗಿದೆ. ದಿನ ಇನ್ನೂ ತುಂಬಿಲ್ಲ, ನೋವೂ ಇಲ್ಲ. 'ಉಚ್ಚೆ ಇರಬೇಕು ಬಿಡವ್ವ, ಬೇನೆ ಬಂದ ಮೇಲೆ ಆಸ್ಪತ್ರೆಗೆ ಹೋದರಾಯ್ತು' ಎನ್ನುತ್ತಾರೆ ಹಿರಿಯರು. ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಕಡೆಯಷ್ಟೇ ಅಲ್ಲ, ಎಲ್ಲ ಊರುಗಳಲ್ಲೂ ಕೇಳಿಬರುವ ಮಾತಿದು. ಹೀಗೆ ಕಾಯುವುದೇ ಅಪಾಯ.

ಗರ್ಭದಲ್ಲಿ ಮಗು ನೀರು ತುಂಬಿದ ಚೀಲದೊಳಗೆ ಬೆಳೆಯುತ್ತದೆ. ಈ ನೀರು ಮಗುವಿಗೆ ಪೆಟ್ಟು ತಾಗದಂತೆ ಕಾಯುತ್ತದೆ, ಶ್ವಾಸಕೋಶದ ಬೆಳವಣಿಗೆಗೆ ನೆರವಾಗುತ್ತದೆ. ಚೀಲದ ಪೊರೆ ರೋಗಾಣುಗಳಿಗೆ ಅಡ್ಡಲಾಗಿ ನಿಂತ ಬೇಲಿ. ಸಾಮಾನ್ಯವಾಗಿ ಅದು ಒಡೆಯುವುದು ಹೆರಿಗೆ ನೋವು ಶುರುವಾದ ಮೇಲೆ. ದಿನ ತುಂಬಿದ ನೂರು ಗರ್ಭಿಣಿಯರಲ್ಲಿ ಸುಮಾರು 8ರಿಂದ 10 ಮಂದಿಗೆ ನೋವಿಗೆ ಮೊದಲೇ ಒಡೆಯುತ್ತದೆ. 37 ವಾರಕ್ಕೆ ಮುನ್ನ ಹೀಗಾಗುವುದು ನೂರಕ್ಕೆ 2-3 ಮಂದಿಗೆ. ಅಕಾಲ ಹೆರಿಗೆಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇದೇ ಕಾರಣ. ಸೋಂಕು, ಅವಳಿ ಗರ್ಭ, ಹಿಂದಿನ ಬಸಿರಿನಲ್ಲೂ ಹೀಗೇ ಆಗಿರುವುದು ಇದಕ್ಕೆ ದಾರಿ ಮಾಡಬಹುದು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಸೊಸೆಯನ್ನು ದೂರಿ ಫಲವಿಲ್ಲ.

ತಾಯಿ-ಮಗುವಿಗೆ ಏನು ತೊಂದರೆ?

ಬೇಲಿ ಮುರಿದ ಮೇಲೆ ಹೊತ್ತು ಕಳೆದಷ್ಟೂ ಸೋಂಕು ಗರ್ಭಕ್ಕೇರುವ ಸಂಭವ ಹೆಚ್ಚು. ತಾಯಿಗೆ ಚಳಿಜ್ವರ, ಕಿಬ್ಬೊಟ್ಟೆ ನೋವು, ದುರ್ವಾಸನೆಯ ಸ್ರಾವ ಕಾಣಿಸಬಹುದು. ಹೆರಿಗೆಯ ನಂತರ ನಂಜೇರಿದರೆ ಜೀವಕ್ಕೇ ಸಂಚಕಾರ. ಮಗುವಿನ ರಕ್ತಕ್ಕೂ ನಂಜೇರಬಹುದು, ನ್ಯುಮೋನಿಯಾ ಆಗಬಹುದು. ಕೆಲವೊಮ್ಮೆ ಹೊಕ್ಕುಳಬಳ್ಳಿ ಕೆಳಗೆ ಜಾರಿ ಮಗುವಿಗೆ ರಕ್ತ ಸಿಗದಂತಾಗುತ್ತದೆ. ದಿನ ತುಂಬದ ಕೂಸಿಗೆ ಉಸಿರಾಟವೇ ಕಷ್ಟ.

ಆದರೆ ಹೆದರಬೇಕಿಲ್ಲ. ದಿನ ತುಂಬಿದ್ದರೆ ವೈದ್ಯರು ಔಷಧಿಯಿಂದ ನೋವು ಬರಿಸುತ್ತಾರೆ. 34 ವಾರಕ್ಕೂ ಮೊದಲಾದರೆ ಸೋಂಕು ತಡೆಯಲು ಆಂಟಿಬಯಾಟಿಕ್, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಈ ಚುಚ್ಚುಮದ್ದಿನ ಗುಣವನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟರು. ಅದು ಕೆಲಸ ಮಾಡಲು ಸಮಯ ಬೇಕು. ಬೇಗ ಹೋದಷ್ಟೂ ಲಾಭ.

ಮನೆಯವರು ಏನು ಮಾಡಬೇಕು?

ನೀರು ಹೋದ ಸಮಯ, ಅದರ ಬಣ್ಣ ನೆನಪಿಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿಸಿದ ಶುಭ್ರ ಬಟ್ಟೆ ಅಥವಾ ಪ್ಯಾಡ್ ಇಡಿ. ಒಳಗೆ ಬೆರಳಾಗಲಿ ಬಟ್ಟೆಯಾಗಲಿ ಹಾಕಲೇಬೇಡಿ. ನೀರು ಹಸಿರಾಗಿದ್ದರೆ, ರಕ್ತ ಬೆರೆತಿದ್ದರೆ, ಜ್ವರ ಬಂದರೆ, ಮಗುವಿನ ಮಿಸುಕಾಟ ತಗ್ಗಿದರೆ ಒಂದು ಗಳಿಗೆಯೂ ತಡಮಾಡಬೇಡಿ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಹೋಗಿಬರುವ ವಾಹನ ಎಲ್ಲವೂ ಉಚಿತ.

ದೇವಸಮುದ್ರ, ರಾಂಪುರದವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗ ದೂರ, ಪಕ್ಕದ ಜಿಲ್ಲೆಯ ಬಳ್ಳಾರಿ ಹತ್ತಿರ. ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು ಎಂಬುದನ್ನು ಆಶಾ ಕಾರ್ಯಕರ್ತೆಯೊಡನೆ ಮಾತಾಡಿ ಏಳನೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ. ತಾಯಿ ಕಾರ್ಡ್ ಕೈಗೆ ಸಿಗುವಲ್ಲಿರಲಿ.

ಇನ್ನೊಂದು ಮಾತು. ಈ ಸೀಮೆಯ ಕೆಲವು ಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿ, ಕೂಸನ್ನು ಊರಾಚೆಯ ಗುಡಿಸಲಲ್ಲಿಡುವ ರೂಢಿಯಿತ್ತು. ಅದು ಪೂರ್ತಿ ಅಳಿದಿಲ್ಲ. ದಿನ ತುಂಬದೆ ಹುಟ್ಟಿದ ಕೂಸಿಗೆ ಬೇಕಾದ್ದು ತಾಯಿಯ ಎದೆಯ ಬಿಸುಪು, ಶುಚಿಯಾದ ಮನೆ. ಚಳಿಗಾಳಿಯಲ್ಲ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಏದುಸಿರು ಬಿಟ್ಟರೆ ಮತ್ತೆ ಆಸ್ಪತ್ರೆಗೆ ಧಾವಿಸಿ.

ನೋವಿಗಾಗಿ ಕಾಯಬೇಡಿ. ನೀರು ಹೋದ ಗಳಿಗೆಯೇ ಹೊರಡುವ ಗಳಿಗೆ.