ಗುಳಿಗೆ ಬೇಡವೆನ್ನುವವರಿಗೆ ನನ್ನ ಉತ್ತರ

ಖಿನ್ನತೆಗೆ ಗುಳಿಗೆ ನುಂಗುತ್ತಿದ್ದೇನೆ ಎಂದು ಬಾಯಿಬಿಟ್ಟರೆ ಸಾಕು, ವಿಜಯಪುರದ ಚಹಾ ಅಂಗಡಿಯಿಂದ ಟಿಕೋಟಾ, ಬಬಲೇಶ್ವರದ ಗುಡಿ ಕಟ್ಟೆಯವರೆಗೆ ಎಲ್ಲರೂ ಬುದ್ಧಿ ಹೇಳುವವರೇ. ಅವರ ಕಾಳಜಿ ಸುಳ್ಳಲ್ಲ. ಆದರೆ ಆ ಮಾತು ಕೇಳಿ ಅರ್ಧಕ್ಕೇ ಗುಳಿಗೆ ಬಿಟ್ಟು, ಮತ್ತೆ ಹಾಸಿಗೆ ಹಿಡಿದವರನ್ನು ನಾನು ಕಂಡಿದ್ದೇನೆ. ಹಾಗಾಗಿ ಒಂದೊಂದೇ ಆಕ್ಷೇಪಕ್ಕೆ ಉತ್ತರಿಸುತ್ತೇನೆ.

ಒಂದು: "ಅವು ನಿದ್ದಿ ಗುಳಿಗಿ, ಚಟ ಹತ್ತತಾವ."

ಚಟದ ಭಯವಿರುವುದು ಆಲ್‌ಪ್ರಜೋಲಮ್, ಕ್ಲೊನಜೆಪಮ್‌ನಂಥ ಗುಳಿಗೆಗಳಲ್ಲಿ. ಮೊದಲ ಕೆಲವು ವಾರ ವೈದ್ಯರು ಇವನ್ನೂ ಜೊತೆಗೆ ಬರೆಯುವುದುಂಟು. ಗೊಂದಲ ಹುಟ್ಟುವುದು ಅಲ್ಲಿ. ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಬೇರೆಯೇ ಗುಂಪು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸೆರೊಟೊನಿನ್ ಸುರಿಸಿ, ಆಮೇಲೆ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಈ ಗುಳಿಗೆಗಳು ಹೀಗೆ ಹೀರಿಕೊಳ್ಳುವುದನ್ನು ತಡೆಯುತ್ತವೆ. ಇವುಗಳಿಂದ ಅಮಲೇರುವುದಿಲ್ಲ, ಇನ್ನಷ್ಟು ಬೇಕೆಂಬ ಹಪಾಹಪಿ ಹುಟ್ಟುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯಲ್ಲಿ ಕರೆಂಟ್ ಹೊಡೆದಂಥ ಜುಮ್ಮು ಬರಬಹುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ಬಿಡುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಎರಡು: "ಸೆರೊಟೊನಿನ್ ಕಥೇನ ಸುಳ್ಳಂತ."

ಸೆರೊಟೊನಿನ್ ಕೊರತೆಯೇ ಖಿನ್ನತೆಗೆ ಕಾರಣ ಎಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದು 2022ರಲ್ಲಿ ಜೊಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಬರೆದರು. ಆ ಸರಳ ಕಥೆಯನ್ನು ನಾನೂ ಹೇಳುವುದಿಲ್ಲ. ಆದರೆ ರೋಗದ ಕಾರಣ ಬೇರೆ, ಔಷಧದ ಗುಣ ಬೇರೆ. 1952ರಲ್ಲಿ ನ್ಯೂಯಾರ್ಕಿನಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಜಿಡ್‌ನಿಂದ ರೋಗಿಗಳ ಮನಸ್ಸು ಅರಳಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಇಮಿಪ್ರಮಿನ್‌ನ ಗುಣವನ್ನು ಪ್ರಕಟಿಸಿದರು. ಗುಣ ಕಂಡದ್ದು ಮೊದಲು, ಸಿದ್ಧಾಂತ ಬಂದದ್ದು ಆಮೇಲೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆ 522 ಪ್ರಯೋಗಗಳ, 1,16,477 ಜನರ ಲೆಕ್ಕ ಮುಂದಿಟ್ಟಿತು: 21 ಔಷಧಗಳೂ ಹುಸಿಗುಳಿಗೆಗಿಂತ ಮೇಲು. ಸರಾಸರಿ ಅಂತರ ದೊಡ್ಡದಲ್ಲ, ಒಪ್ಪುತ್ತೇನೆ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಮೊದಲ ದಾರಿ.

ಮೂರು: "ಹದಿನೈದ್ ದಿನ ನುಂಗಿದ್ರೂ ಏನೂ ಆಗಲಿಲ್ಲ."

ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸಿ ಚಾಟ್ನಿ ಮಾಡಿದ ಮರುದಿನವೇ ಯಾರೂ ಗೊನೆ ಹುಡುಕುವುದಿಲ್ಲ. ಗುಳಿಗೆ ಕೆಲವೇ ಗಂಟೆಗಳಲ್ಲಿ ನರಕೋಶ ಮುಟ್ಟಿದರೂ, ಮಿದುಳು ಅದಕ್ಕೆ ಹೊಂದಿಕೊಂಡು ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕು. ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ. ಅದಕ್ಕೇ ಬಹಳ ಜನ ಮೊದಲ ವಾರವೇ ಸೋಲುತ್ತಾರೆ.

ನಾಲ್ಕು: "ಅಡ್ಡಪರಿಣಾಮದಿಂದ ಮೈ ಹಾಳಾಗತೈತಿ."

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೈಯಲ್ಲಿರುವ ಸೆರೊಟೊನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ. ಎಸ್ಸಿಟಲೊಪ್ರಾಮ್ ಗುಂಪು ಮೊದಲು ಹೊಟ್ಟೆ ತೊಳಸುವುದು ಅದಕ್ಕೇ. ಅದು ಸಾಮಾನ್ಯವಾಗಿ ತಣಿಯುತ್ತದೆ. ಲೈಂಗಿಕ ಆಸಕ್ತಿ ಕುಗ್ಗಿದರೆ ಮಾತ್ರ ಹಾಗೇ ಉಳಿಯಬಹುದು. ನಾಚಿಕೆ ಬಿಟ್ಟು ಹೇಳಿದರೆ ವೈದ್ಯರು ಬುಪ್ರೊಪಿಯಾನ್‌ಗೆ ಬದಲಿಸಬಹುದು. ಮೂರ್ಛೆರೋಗವಿದ್ದವರಿಗೆ ಅದು ಸಲ್ಲದು. ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್ ನಾರ್‌ಅಡ್ರಿನಾಲಿನ್ ಮೇಲೂ ಕೆಲಸ ಮಾಡುತ್ತವೆ, ಬಿಪಿ ನೋಡಿಸುತ್ತಿರಬೇಕು. ಹಳೆಯ ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮಂಪರು ಬರುತ್ತದೆ. ಅತಿಯಾಗಿ ನುಂಗಿದರೆ ಅದು ಹೃದಯವನ್ನೇ ನಿಲ್ಲಿಸೀತು. ಡಬ್ಬಿ ಮನೆಯವರ ಕೈಯಲ್ಲಿರಲಿ. ಮಿರ್ಟಜಪಿನ್ ನಿದ್ದೆ, ಹಸಿವು, ತೂಕ ಹೆಚ್ಚಿಸುತ್ತದೆ. ಊಟ ನಿದ್ದೆ ಎರಡೂ ಬಿಟ್ಟವರಿಗೆ ಅದೇ ಉಪಕಾರ.

ಮೂರು ಎಚ್ಚರಿಕೆಗಳನ್ನು ಮರೆಯಬಾರದು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಮನೆಯವರ ಕಣ್ಣು ಅವರ ಮೇಲಿರಲಿ. ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಅಜ್ಜಿ ತಡವರಿಸಿದರೆ ನಮ್ಮೂರ ಬಿಸಿಲಿನ ಝಳವೆಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಿ. ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ನುಂಗುವವರು ವೈದ್ಯರಿಗೆ ತಿಳಿಸಲಿ. ಎರಡೂ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು.

ಐದು: "ಗುಳಿಗಿ ಸಾಲ ತೀರಸತೈತೇನು?"

ಇಲ್ಲ. ಅಕಾಲ ಮಳೆಗೆ ಒಣದ್ರಾಕ್ಷಿ ಕೆಟ್ಟರೆ, ದರ ಕುಸಿದರೆ, ಅದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ, ಮಾರುಕಟ್ಟೆ, ಬ್ಯಾಂಕು. ಆದರೆ ಮೂರು ತಿಂಗಳಿಂದ ಗೋಡೆಗೆ ಮುಖಮಾಡಿ ಮಲಗಿದವನು ಬ್ಯಾಂಕಿನ ಮೆಟ್ಟಿಲು ಹತ್ತುವುದು ಹೇಗೆ? ಅವನನ್ನು ಎಬ್ಬಿಸಿ ನಿಲ್ಲಿಸುವುದಷ್ಟೇ ಗುಳಿಗೆಯ ಕೆಲಸ. ನಿಂತವನು ತನ್ನ ನ್ಯಾಯ ಕೇಳಬಲ್ಲ.

ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳಬೇಡಿ, ನೆರೆಯವರ ಗುಳಿಗೆ ನುಂಗಬೇಡಿ. ವಿಜಯಪುರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬುದ್ಧಿ ಹೇಳುವ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ: ಗುಳಿಗೆ ಬಿಡು ಎನ್ನುವ ಬದಲು, ಮುಂದಿನ ಸಲ ಡಾಕ್ಟರ ಹತ್ತಿರ ನಾನೂ ಬರುತ್ತೇನೆ ಎನ್ನಿ.