ಸೇತುವೆಯನ್ನೂ ಒಮ್ಮೆ ನೋಡಿ

ರೈಲು ನದಿ ದಾಟುವಾಗ ತೂಕಡಿಸುತ್ತಿದ್ದವರೂ ಎದ್ದು ಕಿಟಕಿಗೆ ಮುಖ ಹಚ್ಚುತ್ತಾರೆ. ಅಜ್ಜಿಯರು ಸೆರಗಿನ ಗಂಟು ಬಿಚ್ಚಿ ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಎಲ್ಲರೂ ನೋಡುವುದು ನೀರನ್ನು. ನಮ್ಮನ್ನು ಹೊತ್ತ ಸೇತುವೆಯನ್ನು ನೋಡುವವರು ಕಡಿಮೆ. ಮೇಷ್ಟ್ರ ಚಾಳಿ ಎನ್ನಿ, ನನ್ನ ಕಣ್ಣು ಮಾತ್ರ ಸೇತುವೆಯ ಮೇಲೆಯೇ.

ಸೇತುವೆ ಮೇಲೆ ಬಸ್ಸು ಸಮ ಅಂತರದಲ್ಲಿ ‘ದಡಕ್, ದಡಕ್’ ಎನ್ನುವುದನ್ನು ನೀವು ಕೇಳಿರುತ್ತೀರಿ. ಅದು ಬೇಕೆಂದೇ ಬಿಟ್ಟ ಸಂದು. ಉಕ್ಕಾಗಲಿ ಕಾಂಕ್ರೀಟಾಗಲಿ ಬಿಸಿಲಿಗೆ ಹಿಗ್ಗುತ್ತದೆ. ನೂರು ಮೀಟರ್ ಉದ್ದದ ಉಕ್ಕಿನ ತೊಲೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಮೂರೂವರೆ ಸೆಂಟಿಮೀಟರ್ ಬೆಳೆಯುತ್ತದೆ. ಜಾಗ ಕೊಡದಿದ್ದರೆ ಡೊಂಕಾದೀತು, ಇಲ್ಲವೇ ಆಧಾರವನ್ನೇ ತಳ್ಳೀತು.

ತೂಗುಸೇತುವೆಯ ಲೆಕ್ಕವೇ ಬೇರೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಇಂಥದೊಂದನ್ನು ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಶಾಲೆ, ಆಸ್ಪತ್ರೆ ಎಲ್ಲವೂ ಆಚೆ ದಡದಲ್ಲೇ ಉಳಿಯುವ ಊರುಗಳಿಗೆ ಆ ಕಾಲುಹಾದಿ ಎಂಥದೆಂಬುದನ್ನು ಅಲ್ಲಿಯವರೇ ಹೇಳಬೇಕು. ಅದರ ಮೇಲೆ ನಡೆದರೆ ಅದೂ ತೂಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಏರುತ್ತಲ್ಲ, ಅದೇ ಅನುರಣನ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ಒಂದೇ ಹೆಜ್ಜೆಯ ನಡಿಗೆಗೆ ಕುಸಿಯಿತು. ಸೇತುವೆ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ಸೈನ್ಯದ ಕಟ್ಟಳೆಗೆ ಅದೇ ಪಾಠ. ಪ್ರವಾಸದಲ್ಲಿ ಮಕ್ಕಳು ಒಟ್ಟಾಗಿ ಕುಣಿಯಲು ಹೊರಟರೆ ತಡೆಯಿರಿ.

ರಾಮೇಶ್ವರಕ್ಕೆ ಹೋದವರು ಮರೆಯದ್ದು ಪಂಬನ್. 1914ರಲ್ಲಿ ತೆರೆದ, ಎರಡು ಕಿಲೋಮೀಟರ್ ಉದ್ದದ ಆ ರೈಲು ಸೇತುವೆಯ ನಡುಭಾಗ ಹಡಗು ಬಂದಾಗ ಜೋಡಿ ಬಾಗಿಲಿನಂತೆ ಮೇಲೆದ್ದು ದಾರಿ ಬಿಡುತ್ತಿತ್ತು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಟಿಯ ಬಳಿ ರೈಲನ್ನೇ ನುಂಗಿತು. ಸೇತುವೆಯ ತೊಲೆಗಳನ್ನೂ ಕೊಚ್ಚಿತು. ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ 46 ದಿನಗಳಲ್ಲಿ ದುರಸ್ತಿಯಾಯಿತು. ಉಪ್ಪುಗಾಳಿಯ ತುಕ್ಕಿನೊಂದಿಗೆ ನೂರಕ್ಕೂ ಹೆಚ್ಚು ವರ್ಷ ಸೆಣಸಿದ ಅದರ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ನಿಂತಿತು. 2025ರ ಏಪ್ರಿಲಿನಲ್ಲಿ ತೆರೆದ ಹೊಸ ಸೇತುವೆಯ 72 ಮೀಟರಿನ ನಡುಭಾಗ ಲಿಫ್ಟಿನಂತೆ ನೇರ ಮೇಲೇರುತ್ತದೆ.

ಆ ಮುದಿ ಸೇತುವೆ ಅಷ್ಟು ಬಾಳಿದ್ದು ಮತ್ತೆ ಮತ್ತೆ ಬಣ್ಣ ಬಳಿದು, ತೊಲೆ ಬದಲಿಸಿದ ಕೈಗಳಿಂದ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆಗೆ ಇನ್ನೂ ಸುಮಾರು ನಲವತ್ತೇ ವರ್ಷ. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಬದುಕಿದ್ದು ಪುಣ್ಯ. ಅದೇ ಹಗಲು ಹೊತ್ತಾಗಿದ್ದರೆ? ಬಸ್ಸುಗಳು ತುಂಬಿ ಓಡಾಡುತ್ತಿದ್ದ ದಾರಿಯದು.

ಸೇತುವೆಗೆ ಬಾಯಿಲ್ಲ, ಲಕ್ಷಣವಿದೆ. ಕಾಂಕ್ರೀಟು ಉದುರಿ ಕಂಬಿ ಕಾಣುವುದು, ತುಕ್ಕಿನ ನೀರು ಇಳಿಯುವುದು, ಸಂದಿನಲ್ಲಿ ಅಶ್ವತ್ಥದ ಸಸಿ ಬೇರೂರುವುದು. ನಿಮ್ಮೂರಿನ ಸೇತುವೆಯಲ್ಲಿ ಇವು ಕಂಡರೆ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ಒಂದು ಅರ್ಜಿ ಬರೆಯಿರಿ, ಪ್ರತಿಯನ್ನು ಇಟ್ಟುಕೊಳ್ಳಿ. ನದಿಗೆ ನಾಣ್ಯ ಹಾಕುವವರು ಹಾಕಲಿ. ಸೇತುವೆಗೆ ಸಲ್ಲಬೇಕಾದ ಕಾಣಿಕೆ ಇದು.